ಇಳಿಜಾರು ಅಂಗಳದ ಉದ್ಯಾನ ಕಾಮಗಾರಿ ಹಾಳಾಗಿರುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಉದ್ಯಾನ ವಿನ್ಯಾಸ ಮತ್ತು ನಿರ್ಮಾಣ ಸಂಸ್ಥೆ

ವಿಷಯ: ಚಿತ್ರದುರ್ಗದ ನಮ್ಮ ಮನೆಯಂಗಳದಲ್ಲಿ ನೀವು ಮಾಡಿದ ಕೆಲಸವನ್ನು ಸರಿಪಡಿಸುವುದು ಅಥವಾ ಹಣ ಹಿಂದಿರುಗಿಸುವುದು

ಮಾನ್ಯರೇ,

ನನ್ನ ಮೊದಲ ದೂರಿಗೆ ನೀವು ಕಳುಹಿಸಿದ ಉತ್ತರ ತಲುಪಿತು. ಗೋಡೆ ಉಬ್ಬಿದ್ದು ಮಳೆಯಿಂದ, ಗಿಡ ಮುರಿದದ್ದು ಗಾಳಿಯಿಂದ, ಹುಲ್ಲು ಒಣಗಿದ್ದು ನಾವು ನೀರು ಹಾಕದೆ ಎಂದು ಬರೆದು, ಎಲ್ಲವನ್ನೂ ಪ್ರಕೃತಿ ವಿಕೋಪದ ಲೆಕ್ಕಕ್ಕೆ ಸೇರಿಸಿದ್ದೀರಿ. ಆಷಾಢದಲ್ಲಿ ಚಿತ್ರದುರ್ಗದಲ್ಲಿ ಗಾಳಿ ಬೀಸುವುದು ವಿಕೋಪವಲ್ಲ, ವಾಡಿಕೆ. ಅಳತೆಗೆ ಬಂದ ನಿಮ್ಮ ಎಂಜಿನಿಯರ್ ನಿಂತಿದ್ದ ಜಾಗದಿಂದಲೇ ಗುಡ್ಡದ ಸಾಲಿನ ಗಾಳಿಯಂತ್ರಗಳು ಕಾಣುತ್ತವೆ. ಅವನ್ನು ಯಾರೂ ಅಲಂಕಾರಕ್ಕೆಂದು ನಿಲ್ಲಿಸಿಲ್ಲ.

ಮೊದಲು ಗೋಡೆಯ ವಿಷಯ. ನಮ್ಮ ಹಿತ್ತಲು 40 ಅಡಿ ಉದ್ದಕ್ಕೆ 7 ಅಡಿ ಇಳಿಯುತ್ತದೆ. ಅದನ್ನು ಮೂರು ಮೆಟ್ಟಿಲಾಗಿ ಒಡೆದು ಸಣ್ಣ ಸಣ್ಣ ಗೋಡೆ ಕಟ್ಟಬಹುದಿತ್ತು. ನೀವು ಕೆಳತುದಿಯಲ್ಲಿ ಎತ್ತರದ ಒಂದೇ ಕಲ್ಲುಗೋಡೆ ಎಬ್ಬಿಸಿ ಹಿಂದೆ ಕೆಮ್ಮಣ್ಣು ತುಂಬಿಸಿದಿರಿ. ಗೋಡೆಯಲ್ಲಿ ನೀರು ಹೊರಹೋಗುವ ಒಂದೇ ಒಂದು ತೂತು (ವೀಪ್ ಹೋಲ್) ಇಲ್ಲ, ಬೆನ್ನಿಗೆ ಜಲ್ಲಿಯ ಪದರವೂ ಇಲ್ಲ. ನೆನೆದ ಮಣ್ಣು ಒಣಮಣ್ಣಿಗಿಂತ ಭಾರ. ಅದರೊಳಗಿನ ನೀರಿಗೆ ದಾರಿ ಇಲ್ಲದಿದ್ದರೆ ಅದೂ ಸೇರಿ ಗೋಡೆಯನ್ನೇ ತಳ್ಳುತ್ತದೆ. ಬಸುರಿಯ ಹೊಟ್ಟೆಯಂತೆ ಮುಂದಕ್ಕೆ ಬಂದಿರುವ ಆ ಗೋಡೆಯ ಚಿತ್ರಗಳನ್ನು ಲಗತ್ತಿಸಿದ್ದೇನೆ. ಇಳಿಜಾರಿನಲ್ಲಿ ನೀರನ್ನು ಹೇಗೆ ನಡೆಸಬೇಕೆಂದು ಕಲಿಯಲು ದೂರ ಹೋಗಬೇಕಾಗಿಲ್ಲ. ನಮ್ಮ ಕೋಟೆಯ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿ ಹೆಚ್ಚಾದ ನೀರು ಕೆಳಗಿನ ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ. ನಿಮ್ಮ ನಕ್ಷೆಯಲ್ಲಿ ಹೆಚ್ಚಾದ ನೀರು ಎಲ್ಲಿಗೆ ಹೋಗಬೇಕು ಎಂಬ ಗೆರೆಯೇ ಇಲ್ಲ.

ಗಾಳಿ ತಡೆಯಲೆಂದು ಪಶ್ಚಿಮಕ್ಕೆ ತಗಡಿನ ಶೀಟು ನಿಲ್ಲಿಸಿ ಪ್ರತ್ಯೇಕ ಬಿಲ್ಲು ಮಾಡಿದ್ದೀರಿ. ಸಂದಿಲ್ಲದ ತಡೆಗೆ ಬಡಿದ ಗಾಳಿ ಮೇಲಕ್ಕೆ ಹಾರಿ ಹಿಂಬದಿಯಲ್ಲಿ ಸುಳಿಯಾಗಿ ಬೀಳುತ್ತದೆ. ಅದು ಬೀಳುವ ಜಾಗದಲ್ಲೇ ನೀವು ಅರೆಕಾ ಪಾಮ್ ಸಾಲು ನೆಟ್ಟಿದ್ದೀರಿ. ಅವುಗಳ ಗರಿ ಸೀಳಿ ಚಿಂದಿಯಾಗಿದೆ. ಅರ್ಧ ಗಾಳಿಯನ್ನು ತನ್ನೊಳಗೆ ಬಿಟ್ಟುಕೊಳ್ಳುವ ಗಿಡಬೇಲಿ ಇದ್ದರೆ ತನ್ನ ಎತ್ತರದ ಸುಮಾರು ಹತ್ತು ಪಟ್ಟು ದೂರದವರೆಗೂ ಗಾಳಿಯ ವೇಗ ತಗ್ಗುತ್ತದೆ. ಹೊಲದ ಬದುವಿಗೆ ಮರ ಬೆಳೆಸುವ ರೈತರಿಗೆ ಇದು ಗೊತ್ತಿದೆ. ಗಿಡಗಳನ್ನು ಬಿಗಿದು ಕಟ್ಟಿದ ದಾರ ಕಾಂಡವನ್ನೇ ಕೊರೆದಿದೆ ಎಂಬುದನ್ನೂ ಸೇರಿಸುತ್ತೇನೆ.

ಹನಿ ನೀರಾವರಿ ಪೈಪುಗಳನ್ನು ಇಳಿಜಾರಿನ ಉದ್ದಕ್ಕೆ ಮೇಲಿನಿಂದ ಕೆಳಗೆ ಎಳೆದಿದ್ದೀರಿ. ಮನೆಯ ಟ್ಯಾಂಕಿನಿಂದ ಬರುವ ಒತ್ತಡವೇ ಕಡಿಮೆ. ಹಾಗಾಗಿ ಮೇಲಿನ ಗಿಡಗಳಿಗೆ ತೊಟ್ಟೂ ಬೀಳುವುದಿಲ್ಲ, ಕೆಳಗೆ ಕೆಸರು. ಪೈಪು ಅಡ್ಡಲಾಗಿ, ಸಮಪಾತಳಿಯಲ್ಲಿ ಓಡಬೇಕು. ಪ್ರತಿ ಮೆಟ್ಟಿಲಿಗೂ ಬೇರೆ ವಾಲ್ವ್ ಬೇಕು.

ಹುಲ್ಲುಹಾಸಿನ ಬಗ್ಗೆ ಹೆಚ್ಚು ಹೇಳಲಾರೆ. 100 ಚದರ ಮೀಟರ್ ಹುಲ್ಲಿಗೆ ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ನೀರು ಎಂದರೂ 500 ಲೀಟರ್ ಆಯಿತು. ನಲ್ಲಿಯಲ್ಲಿ ನೀರು ದಿನವೂ ಬಾರದ ಊರಿನಲ್ಲಿ ಇದನ್ನು ಮಾರುವ ಮೊದಲು ಆ ಲೆಕ್ಕವನ್ನು ನೀವು ನಮಗೆ ಹೇಳಬೇಕಾಗಿತ್ತು. ನಾವು ನೀರು ಹಾಕಿದ ಟ್ಯಾಂಕರ್ ರಸೀದಿಗಳೂ ಜೊತೆಗಿವೆ.

ನಮ್ಮ ಬೇಡಿಕೆ ಸರಳ. ಗೋಡೆಯನ್ನು ನಿಮ್ಮ ಖರ್ಚಿನಲ್ಲಿ ಕೆಡವಿ, ಮೂರು ತಗ್ಗು ಗೋಡೆಗಳಾಗಿ, ನೀರು ಹೋಗುವ ತೂತು ಮತ್ತು ಜಲ್ಲಿಯ ಪದರದೊಂದಿಗೆ ಕಟ್ಟಿಕೊಡಿ. ಪೈಪುಗಳನ್ನು ಬದಲಿಸಿ. ತಗಡು ತೆಗೆದು ಪಶ್ಚಿಮಕ್ಕೆ ಹೊಂಗೆ ಮತ್ತು ಬೇವು, ಅವುಗಳ ಬುಡದ ಸಾಲಿಗೆ ತಂಗಡಿ ಹಾಗೂ ಕಣಗಿಲೆ ನೆಡಿ (ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ, ಕಣಗಿಲೆಯನ್ನು ಅದೂ ಬಿಡುತ್ತದೆ). ಮೆಟ್ಟಿಲಿನ ಅಂಚಿಗೆ ಲಾವಂಚ ಸಾಕು, ಬೇರು ಆಳಕ್ಕಿಳಿದು ಮಣ್ಣು ಹಿಡಿಯುತ್ತದೆ. ಹುಲ್ಲು ಮತ್ತು ಪಾಮ್‌ಗಳ ಹಣವನ್ನು ಹಿಂದಿರುಗಿಸಿ; ಅವನ್ನು ಮತ್ತೆ ನೆಡುವುದು ಬೇಡ. ಮುಂದಿನ ಮಳೆಗಾಲದೊಳಗೆ ಗೋಡೆ ಕುಸಿದರೆ ಕೆಳಗಿನ ಮನೆಯವರ ಕಾಂಪೌಂಡ್ ಮೇಲೆ ಬೀಳುತ್ತದೆ, ಆದ್ದರಿಂದ ಮೊದಲು ಗೋಡೆಯ ಕೆಲಸ ಹಿಡಿಯಿರಿ.

ಈ ಪತ್ರ ತಲುಪಿದ 15 ದಿನಗಳೊಳಗೆ ಸ್ಥಳಕ್ಕೆ ಬಂದು, ಕೆಲಸ ಆರಂಭಿಸುವ ದಿನಾಂಕವನ್ನು ಬರಹದಲ್ಲಿ ತಿಳಿಸಬೇಕು. ಇಲ್ಲವಾದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಸೇವಾ ನ್ಯೂನತೆಯ ದೂರನ್ನು ಜಿಲ್ಲಾ ಗ್ರಾಹಕ ಆಯೋಗಕ್ಕೆ ಸಲ್ಲಿಸುತ್ತೇನೆ. ನಿಮಗೆ ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಯೊಳಗೇ ಇರುವುದರಿಂದ ಅಲ್ಲಿ ದೂರಿಗೆ ಶುಲ್ಕವೂ ಇಲ್ಲ.

ಇಂತಿ,
ನಿಮ್ಮ ಗ್ರಾಹಕಿ,
ಚಿತ್ರದುರ್ಗ

ಲಗತ್ತು: ಒಪ್ಪಂದದ ಪ್ರತಿ, ಬಿಲ್ಲುಗಳು, ಗೋಡೆ ಹಾಗೂ ಗಿಡಗಳ ಚಿತ್ರಗಳು, ಟ್ಯಾಂಕರ್ ರಸೀದಿಗಳು