ಹೊಸಪೇಟೆ ಬಸ್‌ಸ್ಟ್ಯಾಂಡ್ ಎದುರು ಸಿಕ್ಕ ಅಜ್ಜಿಗೆ

2021ರ ನವೆಂಬರ್, ಹೊಸಪೇಟೆ ಬಸ್‌ಸ್ಟ್ಯಾಂಡ್ ಎದುರಿನ ಚಿಕ್ಕ ಹೋಟ್ಲು, ನಾನು ಅಮ್ಮ ಮಂಡಕ್ಕಿ ಮಿರ್ಚಿ ತಿಂತಾ ಕೂತಿದ್ವಿ, ನಾನು ಗೇ ಅಂತ ಹೇಳಿ ಮೂರು ವಾರ ಆಗಿತ್ತು, ಅವತ್ತಿಂದ ಊಟ ಆಯ್ತಾ ಅನ್ನೋದು ಬಿಟ್ರೆ ನಮ್ಮಿಬ್ರ ಮಧ್ಯೆ ಮಾತೇ ಇಲ್ಲ. ಟಿವಿಲಿ ಟ್ರಾನ್ಸ್‌ಜೆಂಡರ್ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಪದ್ಮಶ್ರೀ ತಗೊಳ್ಳೋದು ಬಂತು, ಸೆರಗು ಹಿಡ್ಕೊಂಡು ರಾಷ್ಟ್ರಪತಿಗೇ ದೃಷ್ಟಿ ತೆಗೆದ್ರಲ್ಲ, ಅದೇ. ಪಕ್ಕದ ಟೇಬಲ್ ಹುಡುಗ್ರು ಕಿಸಕ್ಕಂತ ನಕ್ರು. ಅಮ್ಮ ತಲೆ ತಗ್ಗಿಸಿಬಿಟ್ಲು.

ಮೂಲೇಲಿ ಎಲೆಗೆ ಸುಣ್ಣ ಹಚ್ತಾ ಕೂತಿದ್ರಿ ನೀವು. ಕೈ ನಿಲ್ಲಿಸ್ದೇನೇ, "ಯಾಕ್ ನಗ್ತೀರೋ ತಮ್ಮಾ, ಭಿಕ್ಷೆ ಬೇಡಿ ಕುಣಿತ ಕಲ್ತು ಜಾನಪದ ಅಕಾಡೆಮಿ ಅಧ್ಯಕ್ಷರಾದಾಕಿ ಆಕಿ, ಮನ್ಯಾಗ ಇಟ್ಕೊಂಡಿದ್ರ ಅಷ್ಟು ತ್ರಾಸು ಯಾಕ ಪಡ್ತಿದ್ಲು" ಅಂದ್ರಿ. ಹುಡುಗ್ರು ಬಿಲ್ ಕೊಟ್ಟು ಎದ್ದೋದ್ರು.

ಜೋಗತಿ ಪರಂಪರೆ ಬೇರೆ, ನನ್ನಂಥವ್ರ ಕಥೆ ಬೇರೆ, ಗೊತ್ತು. ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಸೆಕ್ಷನ್ 377ರ ಬಗ್ಗೆ ಕೊಟ್ಟ ತೀರ್ಪನ್ನ ನಾನು ಅಮ್ಮಂಗೆ ಗಂಟೆಗಟ್ಲೆ ವಿವರಿಸಿದ್ದೆ, ಒಂದಕ್ಷರ ತಲೆಗೆ ಹೋಗಿರ್ಲಿಲ್ಲ, ಆದ್ರೆ ನಿಮ್ಮ "ಮನ್ಯಾಗ ಇಟ್ಕೊಂಡಿದ್ರ" ಅನ್ನೋದು ಎಲ್ಲೋ ತಾಗ್ತು ಅನ್ಸುತ್ತೆ. ತನ್ನ ಪ್ಲೇಟಿನ ಕೊನೇ ಮಿರ್ಚಿ ನನ್ ಕಡೆ ತಳ್ಳಿ, "ತಿನ್ನು, ಬಸ್ಸಿಗಿನ್ನೂ ಟೈಮಿದೆ" ಅಂದ್ಲು.

ನಿಮ್ ಹೆಸ್ರು ಕೇಳೋಷ್ಟರಲ್ಲಿ ನೀವು ಚೀಲ ಎತ್ಕೊಂಡು ಹೋಗಿಯೇಬಿಟ್ಟಿದ್ರಿ. ತುಂಬಾ ಥ್ಯಾಂಕ್ಸ್ ಅಜ್ಜಿ, ಅಮ್ಮ ಈಗ್ಲೂ ನಿಮ್ಮನ್ನ "ಆ ಎಲೆ ಅಡಿಕೆ ಅಜ್ಜಿ" ಅಂತಾನೇ ನೆನೆಸ್ಕೊಳ್ತಾಳೆ.