ಹೂ ಉದುರಿತೆಂದು ಆರ್ಕಿಡ್ ಎಸೆಯಬೇಡಿ

ಮಾನ್ಯ ಸಂಪಾದಕರೇ,

ಗೃಹಪ್ರವೇಶಕ್ಕೋ ಹುಟ್ಟುಹಬ್ಬಕ್ಕೋ ಉಡುಗೊರೆಯಾಗಿ ಬಂದ ಫೆಲನಾಪ್ಸಿಸ್ ಆರ್ಕಿಡ್ ಎರಡು ತಿಂಗಳು ಹೂ ತುಂಬಿ ನಿಲ್ಲುತ್ತದೆ. ಆಮೇಲೆ ಕೊಳೆತು ಕಸದ ಬುಟ್ಟಿ ಸೇರುತ್ತದೆ. ಕೈಗುಣ ಸರಿಯಿಲ್ಲವೆಂದು ಜನ ನೊಂದುಕೊಳ್ಳುತ್ತಾರೆ. ದೋಷ ಇರುವುದು ಕುಂಡದೊಳಗೆ.

ಮರದ ತೊಗಟೆ ಹಿಡಿದು ಬೆಳೆಯುವ ಜಾತಿ ಇದು. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಾರಾಟಕ್ಕೆ ಬರುವ ಎಷ್ಟೋ ಗಿಡಗಳ ಬುಡಕ್ಕೆ ಸ್ಫ್ಯಾಗ್ನಮ್ ಪಾಚಿಯನ್ನು ಬಿಗಿಯಾಗಿ ತುರುಕಿರುತ್ತಾರೆ. ಮೇಲ್ಭಾಗ ಒಣಗಿದ್ದರೂ ನಡುವಿನ ಉಂಡೆ ದಿನಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಬೇರು ಕೊಳೆತಾಗ ಎಲೆ ಬಾಡುತ್ತದೆ, ಬಾಡಿದ್ದಕ್ಕೆ ಇನ್ನಷ್ಟು ನೀರು ಬೀಳುತ್ತದೆ, ಗಿಡ ಅಲ್ಲಿಗೆ ಮುಗಿಯುತ್ತದೆ.

ಹೂ ಮುಗಿದ ಕೂಡಲೇ ಗಿಡ ಹೊರತೆಗೆದು ಪಾಚಿ ಬಿಡಿಸಿ. ಒತ್ತಿದರೆ ಮೆತ್ತಗಾಗಿ ಸಿಪ್ಪೆ ಕಳಚಿಬರುವ ಬೇರುಗಳನ್ನು ಕಾಯಿಸಿ ಆರಿಸಿದ ಕತ್ತರಿಯಿಂದ ತೆಗೆಯಿರಿ. ಪಕ್ಕದಲ್ಲೂ ತೂತಿರುವ ಕುಂಡಕ್ಕೆ ಒಂದಂಗುಲ ಗಾತ್ರದ ಇದ್ದಿಲು, ಇಟ್ಟಿಗೆ ಚೂರು, ಪೈನ್ ತೊಗಟೆ ತುಂಬಿ ನೆಡಿ. ಮಣ್ಣು ಬೇಡವೇ ಬೇಡ. ನೀರು ಯಾವಾಗ ಎಂಬುದನ್ನು ಬೇರಿನ ಬಣ್ಣವೇ ಹೇಳುತ್ತದೆ: ಹಸಿರಾಗಿದ್ದರೆ ಕಾಯಿರಿ, ಬೆಳ್ಳಿಬಣ್ಣಕ್ಕೆ ತಿರುಗಿದರೆ ಬೆಳಿಗ್ಗೆಯೇ ಧಾರಾಳವಾಗಿ ಹಾಕಿ. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಬಟ್ಟೆಯಂಚಿನಿಂದ ಹೀರಿಸಿಬಿಡಿ, ಸುಳಿ ಕೊಳೆತ ಗಿಡ ಉಳಿಯುವುದು ಅಪರೂಪ. ವಾರಕ್ಕೊಮ್ಮೆ ಲೀಟರ್ ನೀರಿಗೆ ಅರ್ಧ ಗ್ರಾಂ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಶ್ ಸಮನಾಗಿರುವುದು) ಸಾಕು. ಬೋರ್‌ವೆಲ್ ನೀರಿನ ಉಪ್ಪು ಬೇರಿನ ತುದಿಯನ್ನು ಸುಡುತ್ತದೆ, ಮಳೆನೀರು ಹಿಡಿದಿಟ್ಟುಕೊಂಡರೆ ಉತ್ತಮ.

ಊರು ನೋಡಿ ಜಾತಿ ಆರಿಸಿ. ಫೆಲನಾಪ್ಸಿಸ್ ಹೂದಂಟು ಬಿಡಲು ಕೆಲವು ವಾರ ತಂಪು ಬೇಕು. ಬೆಂಗಳೂರು, ಮೈಸೂರಿನ ಚಳಿಗಾಲದ ರಾತ್ರಿಗಳು ಅದನ್ನು ತಾವಾಗಿಯೇ ಒದಗಿಸುತ್ತವೆ. ವರ್ಷವಿಡೀ ಸೆಕೆಯಿರುವ ಮಂಗಳೂರಿನಲ್ಲಿ ಎಲೆ ಸೊಂಪಾಗಿ ಬಂದರೂ ಹೂ ಬರುವುದು ಕಷ್ಟ. ಅಲ್ಲಿಗೆ ನೇರಳೆ-ಬಿಳಿ ಹೂವಿನ ಡೆಂಡ್ರೋಬಿಯಂ ಸೋನಿಯಾ ಎಂಬ ಆರ್ಕಿಡ್ ಹೊಂದುತ್ತದೆ. ಅದಕ್ಕೆ ಬೆಳಕು ಹೆಚ್ಚು ಬೇಕು, ಅರ್ಧದಷ್ಟು ಬಿಸಿಲು ತಡೆಯುವ ಶೇ 50ರ ನೆರಳುಬಲೆ ಸಾಕು. ಎಲೆಯುದುರಿದ ಅದರ ಹಳೆಯ ಕಾಂಡವನ್ನು ಒಣಗಿತೆಂದು ಕತ್ತರಿಸುವವರಿದ್ದಾರೆ, ದಯವಿಟ್ಟು ಬೇಡ. ಗಿಡದ ನೀರು, ಆಹಾರ ಕೂಡಿಟ್ಟಿರುವುದು ಅಲ್ಲೇ.

ಮೊಗ್ಗು ಕಾಣಿಸಿದ ಮೇಲೆ ಕುಂಡ ತಿರುಗಿಸಬೇಡಿ, ಬಾಳೆಹಣ್ಣು ಮಾಗುವ ಕಡೆ ಇಡಲೂಬೇಡಿ. ಹಣ್ಣಿನಿಂದ ಅನಿಲವಾಗಿ ಹೊರಡುವ ಎಥಿಲೀನ್‌ಗೆ ಮೊಗ್ಗು ಅರಳುವ ಮೊದಲೇ ಹಳದಿಯಾಗಿ ಉದುರುತ್ತದೆ.

ಮಲೆನಾಡಿನ ಕಾಡು ಆರ್ಕಿಡ್ ಆದ ಸೀತಾಳೆ ದಂಡೆಯನ್ನು ಕಾಡಿನ ಮರದಿಂದ ಕಿತ್ತು ತರುವವರಿಗೂ ಒಂದು ಮಾತು. ಆ ಹೂವಿನ ಧೂಳಿನಂಥ ಬೀಜದಲ್ಲಿ ಆಹಾರದ ಸಂಗ್ರಹವಿರುವುದಿಲ್ಲ. ತಕ್ಕ ಶಿಲೀಂಧ್ರದ ನೆರವು ಸಿಕ್ಕರಷ್ಟೇ ಅದು ಮೊಳೆಯುತ್ತದೆ, ಹೂ ಬಿಡಲು ಮತ್ತೆ ವರ್ಷಗಳೇ ಬೇಕು. ಪ್ರಯೋಗಾಲಯದಲ್ಲಿ ಅಂಗಾಂಶ ಕೃಷಿಯಿಂದ (ಟಿಶ್ಯೂ ಕಲ್ಚರ್) ಬೆಳೆಸಿದ ಸಸಿಯನ್ನೇ ಕೇಳಿ ಕೊಳ್ಳಿ. ಮಾರುವವರೂ ಕುಂಡಕ್ಕೊಂದು ಚೀಟಿ ಅಂಟಿಸಿ ಜಾತಿ ಯಾವುದು, ಒಳಗೆ ಏನು ತುಂಬಿದೆ ಎಂದು ಕನ್ನಡದಲ್ಲಿ ಬರೆಯಲಿ.

– ಆರ್ಕಿಡ್ ಬೆಳೆಸುವ ಓದುಗರು, ಬೆಂಗಳೂರು