ಗುಜರಿಗೆ ಹಾಕುವ ಮೊದಲು ಮುಚ್ಚಳ ತೆಗೆಯಿರಿ

ಮಾನ್ಯ ಸಂಪಾದಕರೇ,

ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್‌ಗಳು ಧೂಳು ತಿನ್ನುತ್ತಿವೆ ಎಂಬ ಸುದ್ದಿ ಆಗಾಗ ಚಿತ್ರಸಮೇತ ಪತ್ರಿಕೆಗಳಲ್ಲಿ ಬರುತ್ತದೆ. ಪ್ಲಾಸ್ಟಿಕ್ ಹೊದಿಕೆ ಹೊದ್ದು ಸಾಲಾಗಿ ಕುಳಿತ ಮಾನಿಟರ್‌ಗಳು, ಕೆಳಗೆ ‘ಕೆಟ್ಟು ನಿಂತಿರುವ ಕಂಪ್ಯೂಟರ್‌ಗಳು’ ಎಂಬ ಒಕ್ಕಣೆ. ಕೆಟ್ಟಿರುವುದು ಏನು ಎಂದು ಮಾತ್ರ ಯಾರೂ ಬರೆಯುವುದಿಲ್ಲ. ಶಿರಸಿಯಲ್ಲಿ ಇಪ್ಪತ್ತಮೂರು ವರ್ಷಗಳಿಂದ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿರುವ ನನ್ನಂಥವನಿಗೆ ಹೊಟ್ಟೆ ಉರಿಯುವುದು ಅಲ್ಲಿಯೇ.

ಕಳೆದ ಮಳೆಗಾಲದಲ್ಲಿ ಒಂದು ಪ್ರೌಢಶಾಲೆಯ ಮುಖ್ಯಶಿಕ್ಷಕಿ ನನ್ನ ಅಂಗಡಿಗೆ ಬಂದರು. ಹತ್ತು ಡೆಸ್ಕ್‌ಟಾಪ್‌ಗಳನ್ನು ವಿಲೇವಾರಿ ಮಾಡಬೇಕಾಗಿದೆ, ‘ದುರಸ್ತಿಗೆ ಯೋಗ್ಯವಲ್ಲ’ ಎಂದು ಒಂದು ಚೀಟಿ ಬರೆದುಕೊಡಿ ಎಂದರು. ‘ನೋಡದೆ ಹೇಗೆ ಬರೆಯಲಿ ಮೇಡಂ?’ ಎಂದೆ. ‘ನೋಡುವುದಕ್ಕೆ ಏನಿದೆ? ಎಲ್ಲದರದ್ದೂ ಮದರ್‌ಬೋರ್ಡ್ ಹೋಗಿದೆಯಂತೆ’ ಎಂದರು. ಮದರ್‌ಬೋರ್ಡ್ ಎಂದರೆ ಬಿಡಿಭಾಗಗಳನ್ನೆಲ್ಲ ಜೋಡಿಸುವ ಮುಖ್ಯ ಹಲಗೆ. ಹಿಂದೆ ಹಳ್ಳಿಗಳಲ್ಲಿ ಯಾವ ಕಾಯಿಲೆ ಬಂದರೂ ‘ಗಾಳಿ ಸೋಕಿದೆ’ ಎನ್ನುತ್ತಿದ್ದರಲ್ಲ, ನಮ್ಮ ಕಸುಬಿನಲ್ಲಿ ‘ಮದರ್‌ಬೋರ್ಡ್ ಹೋಗಿದೆ’ ಎಂಬ ಮಾತೂ ಹಾಗೆಯೇ. ಹೇಳಿದವನಿಗೆ ಕೆಲಸ ಮುಗಿಯುತ್ತದೆ, ಕೇಳಿದವರಿಗೆ ಎದುರು ಪ್ರಶ್ನೆ ಹೊಳೆಯುವುದಿಲ್ಲ.

ಒಂದು ಶನಿವಾರ ಮಧ್ಯಾಹ್ನ ಸ್ಕ್ರೂಡ್ರೈವರ್, ಮಲ್ಟಿಮೀಟರ್, ಪೇಂಟ್ ಬ್ರಷ್ ಮತ್ತು ಮಕ್ಕಳು ಬಳಸುವ ಅಳಿಸುವ ರಬ್ಬರ್ ಹಿಡಿದು ಹೋದೆ. ಹತ್ತರಲ್ಲಿ ನಿಜವಾಗಿಯೂ ಮದರ್‌ಬೋರ್ಡ್ ಹೋಗಿದ್ದು ಎರಡರದ್ದು ಮಾತ್ರ. ಅವುಗಳ ಮೇಲೆ ವಿದ್ಯುತ್ ಹಿಡಿದಿಡುವ ಪುಟ್ಟ ಡಬ್ಬಿಗಳಾದ ಕೆಪಾಸಿಟರ್‌ಗಳು ಪೂರಿಯಂತೆ ತಲೆ ಉಬ್ಬಿಸಿಕೊಂಡು, ತುಕ್ಕಿನ ಬಣ್ಣದ ರಸ ಕಾರಿದ್ದವು.

ಮೂರು ಯಂತ್ರಗಳಲ್ಲಿ ಫ್ಯಾನ್ ತಿರುಗುತ್ತಿತ್ತು, ದೀಪ ಹೊತ್ತುತ್ತಿತ್ತು, ಪರದೆ ಮಾತ್ರ ಕಪ್ಪು. ಮಲೆನಾಡಿನ ಮಳೆಗಾಲ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಚಪ್ಪಲಿಗೆ ಬೂಷ್ಟು ಹಿಡಿಯುವ ಊರಿನಲ್ಲಿ ಯಂತ್ರದ ತಾತ್ಕಾಲಿಕ ನೆನಪಾದ ರ್‍ಯಾಮ್ ಪಟ್ಟಿಯ ಹೊಂಬಣ್ಣದ ಹಲ್ಲುಗಳಿಗೂ ಪೊರೆ ಕಟ್ಟುತ್ತದೆ. ಪಟ್ಟಿ ಕಳಚಿ, ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಬ್ರಷ್‌ನಿಂದ ಕೊಡವಿ, ತುದಿಯ ಕೊಕ್ಕೆಗಳು ‘ಟಕ್’ ಎನ್ನುವವರೆಗೆ ಒತ್ತಿದರೆ ಮುಗಿಯಿತು. ಖರ್ಚು ಸೊನ್ನೆ.

ಇನ್ನೆರಡರ ಕಥೆ ತಮಾಷೆಯದು. ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಸಿಆರ್2032 ಎಂಬ 3 ವೋಲ್ಟ್ ಸೆಲ್ ಇರುತ್ತದೆ. ಕರೆಂಟ್ ಇಲ್ಲದಾಗಲೂ ಗಡಿಯಾರ ನಡೆಸುವುದು ಅದರ ಕೆಲಸ. ಅದು ಸತ್ತರೆ ಯಂತ್ರ ಪ್ರತಿ ಬಾರಿಯೂ ಹಲವು ವರ್ಷ ಹಿಂದಕ್ಕೆ ಹೋಗಿ ಎಚ್ಚರಗೊಂಡು, ಎಫ್1 ಒತ್ತಿ ಎಂದು ಕಾಯುತ್ತದೆ. ಒತ್ತಿದರೆ ಮುಂದೆ ಸಾಗುತ್ತದೆ. ಆದರೆ ಜಾಲತಾಣಗಳ ಭದ್ರತಾ ಪ್ರಮಾಣಪತ್ರಕ್ಕೆ ದಿನಾಂಕವಿದೆಯಲ್ಲ, ಹಳೆಯ ಕಾಲದಲ್ಲಿ ನಿಂತ ಯಂತ್ರಕ್ಕೆ ಅದು ಇನ್ನೂ ಹುಟ್ಟಿಯೇ ಇಲ್ಲ! ಯಾವ ತಾಣ ತೆರೆದರೂ ‘ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ. ವೈರಸ್ ಎಂದು ಹೆದರಿ ಅವನ್ನು ಎರಡು ವರ್ಷ ಮುಟ್ಟಿರಲಿಲ್ಲವಂತೆ. ಎರಡು ಸೆಲ್‌ಗೆ ಎಂಬತ್ತು ರೂಪಾಯಿ.

ಒಂದು ಯಂತ್ರ ಐದು ನಿಮಿಷಕ್ಕೆ ಆರಿಹೋಗುತ್ತಿತ್ತು. ಲೆಕ್ಕ ಮಾಡುವ ಮುಖ್ಯ ಚಿಪ್ ಆದ ಪ್ರೊಸೆಸರ್ ಮೇಲಿನ ಫ್ಯಾನಿನ ನಾಲ್ಕು ಗೂಟಗಳಲ್ಲಿ ಒಂದು ಎದ್ದು, ನಡುವೆ ಶಾಖ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹೆಕ್ಕಳೆಯಾಗಿತ್ತು. ಇನ್ನೊಂದರಲ್ಲಿ ಕರೆಂಟ್ ಒದಗಿಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಒಳಗೆ ಇರುವೆ ಗೂಡು. ಇಪ್ಪತ್ತನಾಲ್ಕು ಪಿನ್‌ಗಳ ಪ್ಲಗ್‌ನಲ್ಲಿ ನೇರಳೆ ತಂತಿಗೆ ಸದಾ 5 ವೋಲ್ಟ್ ಬರುತ್ತಿರಬೇಕು, ಇಲ್ಲಿ ಬರುತ್ತಿರಲಿಲ್ಲ. ಕೊನೆಯದರ ಹಾರ್ಡ್‌ಡಿಸ್ಕ್ ಹಲ್ಲಿಯಂತೆ ಲೊಚಗುಟ್ಟುತ್ತಿತ್ತು. ಆ ಸದ್ದು ಕೇಳಿದ ಮೇಲೆ ಆಸೆ ಇಟ್ಟುಕೊಳ್ಳಬಾರದು. ಮದರ್‌ಬೋರ್ಡ್ ಸತ್ತ ಎರಡು ಡಬ್ಬಗಳಿಂದ ಎಸ್‌ಎಂಪಿಎಸ್, ಹಾರ್ಡ್‌ಡಿಸ್ಕ್ ತೆಗೆದು ಇವೆರಡಕ್ಕೆ ಹಾಕಿದೆ. ಅವುಗಳ ರ್‍ಯಾಮ್ ಪಟ್ಟಿಗಳೂ ಬೇರೆ ಎರಡಕ್ಕೆ ಹೋದವು. ಎಂಟು ಯಂತ್ರಗಳು ಎದ್ದು ಕುಳಿತವು. ಎರಡು ಸೆಲ್, ಒಂದು ಟ್ಯೂಬ್ ಪೇಸ್ಟ್, ಬೈಕಿನ ಪೆಟ್ರೋಲ್: ಐನೂರು ರೂಪಾಯಿಯೂ ಆಗಲಿಲ್ಲ.

ನಾನು ಇಷ್ಟು ಉದ್ದ ಬರೆಯುತ್ತಿರುವುದು ನನ್ನ ಹೆಚ್ಚುಗಾರಿಕೆ ಹೇಳಿಕೊಳ್ಳುವುದಕ್ಕಲ್ಲ. ಈ ಕಸುಬಿಗೆ ಇಳಿದ ಹೊಸದರಲ್ಲಿ ಗಿರಾಕಿಯೊಬ್ಬರಿಗೆ ಪೆಂಟಿಯಂ 4 ಯಂತ್ರ ಜೋಡಿಸಿ, ಪರದೆ ಬರದೆ, ಬೋರ್ಡೇ ಕೆಟ್ಟದ್ದು ಎಂದು ತೀರ್ಮಾನಿಸಿ, ರಾತ್ರಿ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬೆಂಗಳೂರಿನ ಕಂಪ್ಯೂಟರ್ ಪೇಟೆಯಾದ ಎಸ್‌.ಪಿ. ರಸ್ತೆಗೆ ಹೋಗಿದ್ದೆ. ಅಂಗಡಿಯ ಹುಡುಗ ದೊಡ್ಡ ಪ್ಲಗ್ ಚುಚ್ಚಿದ ಮೇಲೆ ಪ್ರೊಸೆಸರ್ ಪಕ್ಕದ ನಾಲ್ಕು ಪಿನ್‌ಗಳ ಚಿಕ್ಕ ಪ್ಲಗ್ಗನ್ನೂ ಚುಚ್ಚಿದ. ಪರದೆ ಬಂತು. ಆ ಚಿಕ್ಕದನ್ನು ನಾನು ನೋಡಿಯೇ ಇರಲಿಲ್ಲ. ಅವನು ನಗಲಿಲ್ಲ, ಚಹಾ ತರಿಸಿದ. ಅಂದಿನಿಂದ ಯಾವ ಯಂತ್ರದ ಮೇಲೂ ತೀರ್ಪು ಕೊಡುವ ಮೊದಲು ಪ್ರತಿ ತಂತಿಯನ್ನೂ ಬೆರಳಿನಿಂದ ಮುಟ್ಟಿ ನೋಡುತ್ತೇನೆ.

ಅಂದು ಶಾಲೆಯಲ್ಲಿ ಮಕ್ಕಳು ಸುತ್ತ ನಿಂತು ನೋಡುತ್ತಿದ್ದರು. ಪ್ರೊಸೆಸರ್ ಕೈಯಲ್ಲಿ ಹಿಡಿದು ‘ಇದು ಸಿಪಿಯು’ ಎಂದಾಗ ಒಂಬತ್ತನೆಯ ತರಗತಿಯ ಹುಡುಗಿ ಒಪ್ಪಲಿಲ್ಲ. ‘ಇಲ್ಲ ಸರ್, ಸಿಪಿಯು ಎಂದರೆ ಈ ಡಬ್ಬ’ ಎಂದಳು. ತಪ್ಪು ಅವಳದಲ್ಲ, ನಾವೆಲ್ಲರೂ ಡಬ್ಬವನ್ನೇ ಸಿಪಿಯು ಎಂದು ಕರೆದು ಕಲಿಸಿದ್ದೇವೆ. ಮತ್ತೊಬ್ಬ ಹುಡುಗ, ಡಬ್ಬ ಮುಟ್ಟಿದರೆ ಕೈ ಜುಮ್ ಎನ್ನುತ್ತದೆ, ಅದಕ್ಕೇ ಕಂಪ್ಯೂಟರ್ ಕೆಟ್ಟಿದೆ ಎಂದ. ಗೋಡೆಯ ಸಾಕೆಟ್‌ನಲ್ಲಿ ಅರ್ಥಿಂಗ್ ಪರೀಕ್ಷಿಸಿದೆ: ಇರಲೇ ಇಲ್ಲ. ಅರ್ಥಿಂಗ್ ಇಲ್ಲದಿದ್ದರೆ ಎಸ್‌ಎಂಪಿಎಸ್‌ನ ಫಿಲ್ಟರ್ ಮೂಲಕ ಡಬ್ಬದ ಲೋಹಕ್ಕೆ 230 ವೋಲ್ಟ್‌ನ ಸುಮಾರು ಅರ್ಧ ಬರುತ್ತದೆ. ಪ್ರವಾಹ ಅತಿ ಕಡಿಮೆಯಾದ್ದರಿಂದ ಬರೀ ಜುಮ್ ಎನ್ನುತ್ತದೆ. ಕೆಟ್ಟಿದ್ದು ಕಟ್ಟಡದ ವೈರಿಂಗ್, ಬೈಗುಳ ತಿಂದಿದ್ದು ಕಂಪ್ಯೂಟರ್.

ಮಕ್ಕಳಿಗೆ ಸತ್ತ ಎರಡು ಡಬ್ಬಗಳನ್ನು ಬಿಚ್ಚಿ ಜೋಡಿಸಲು ಕೊಟ್ಟೆ. ರ್‍ಯಾಮ್ ಪಟ್ಟಿಯ ಕಚ್ಚು ಹೊಂದದಿದ್ದರೆ ಬಲ ಹಾಕಬೇಡಿ, ಬಿಡಿಭಾಗ ಮುಟ್ಟುವ ಮೊದಲು ಮೈಯಲ್ಲಿನ ಸ್ಥಿರ ವಿದ್ಯುತ್ ಇಳಿಯಲು ಡಬ್ಬದ ಲೋಹ ಮುಟ್ಟಿ, ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಎಂದೂ ಬಿಚ್ಚಬೇಡಿ ಎಂದೆ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಹೆಚ್ಚು ಉಳಿದಿರಬಹುದು. ಎರಡು ಗಂಟೆಯಲ್ಲಿ ಅವರು ಎರಡು ಸಲ ಬಿಚ್ಚಿ ಜೋಡಿಸಿದರು. ಒಂದು ಸ್ಕ್ರೂ ಮಿಕ್ಕಿತು. ನನ್ನ ಅಂಗಡಿಯಲ್ಲೂ ಮಿಕ್ಕುತ್ತದೆ.

ಇವು ಹಳೆಯವು, ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ವಿಂಡೋಸ್ 11 ಇಷ್ಟು ಹಳೆಯ ಪ್ರೊಸೆಸರ್‌ಗಳನ್ನು ಒಪ್ಪುವುದಿಲ್ಲ, ನಿಜ. ವಿಂಡೋಸ್‌ಗೆ ಬದಲಾಗಿ ಹಗುರವಾದ ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ ಹಾಕಿಕೊಟ್ಟಿದ್ದೇನೆ. ಕನ್ನಡ ಟೈಪಿಸಲು ಕಗಪ (ಕನ್ನಡ ಗಣಕ ಪರಿಷತ್ತು) ಕೀಲಿಮಣೆಯೂ ಅದರಲ್ಲಿದೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ಎಷ್ಟೋ ವರ್ಷಗಳಿಂದ ಲಿನಕ್ಸ್‌ನಲ್ಲೇ ಕಲಿಸುತ್ತಿವೆ.

ಶಿಕ್ಷಣ ಇಲಾಖೆಗೆ ನನ್ನ ವಿನಂತಿ ಸಣ್ಣದು. ವಿಲೇವಾರಿ ಪಟ್ಟಿಗೆ ಸೇರಿಸುವ ಮೊದಲು ಪ್ರತಿ ಯಂತ್ರದ ಮುಂದೆ ‘ಮುಚ್ಚಳ ತೆಗೆದು ನೋಡಿದವರು ಯಾರು, ಕಂಡ ದೋಷ ಏನು’ ಎಂಬ ಒಂದು ಕಾಲಂ ಇರಲಿ. ಸೆಲ್, ಪೇಸ್ಟ್‌ನಂಥವಕ್ಕೆ ಮುಖ್ಯಶಿಕ್ಷಕರು ಮೇಲಿನವರ ಮಂಜೂರಾತಿಗೆ ಕಾಯದೆ ಖರ್ಚು ಮಾಡಲು ಸ್ವಲ್ಪ ಹಣವಿರಲಿ. ಪ್ರತಿ ಶಾಲೆಯಲ್ಲೂ ಒಂದು ಸತ್ತ ಯಂತ್ರ ಮಕ್ಕಳ ಕೈಗೆ ಸಿಗಲಿ. ನನ್ನ ಅಂಗಡಿಯ ಅಟ್ಟದಲ್ಲಿ ಅಂಥವು ನಾಲ್ಕಿವೆ. ಶಿರಸಿ ಸುತ್ತಲಿನ ಶಾಲೆಯವರು ಬಂದರೆ ಧೂಳು ಕೊಡವಿ, ಹಲ್ಲಿ ಮೊಟ್ಟೆ ತೆಗೆದು ಕೊಡುತ್ತೇನೆ. ಗುರುವಾರ ಅಂಗಡಿಗೆ ರಜೆ.

– ಒಬ್ಬ ರಿಪೇರಿಗಾರ, ಶಿರಸಿ